ಸ್ಟಾರ್ಟ್ ಆಯ್ತು ಸರಿ, ನಿಲ್ಲುತ್ತಾ? ಹಳೇ ಮಿಲಿಟರಿ ಟ್ರಕ್ ರಿಪೇರಿಯ ಒಳಗುಟ್ಟು



ಯೂಟ್ಯೂಬಲ್ಲಿ ಒಂದು ಜಾತಿಯ ವಿಡಿಯೊ ಇದೆ, ನೀವು ನೋಡೇ ಇರ್ತೀರಿ. ಅಮೆರಿಕದ ಯಾವುದೋ ಹಳ್ಳಿ, ಸೊಂಟದವರೆಗೆ ಹುಲ್ಲು, ಹುಲ್ಲಿನ ಮಧ್ಯೆ ಹಸಿರು ಬಣ್ಣದ ಹಳೇ ಮಿಲಿಟರಿ ಟ್ರಕ್. ಇಬ್ಬರು ಬರ್ತಾರೆ, ಬ್ಯಾಟರಿ ಹಾಕ್ತಾರೆ, ಡೀಸೆಲ್ ಸುರೀತಾರೆ, ಬಟನ್ ಒತ್ತುತ್ತಾರೆ. ಗರ್ರ್ ಗರ್ರ್ ಅಂತ ಎಂಜಿನ್ ತಿರುಗುತ್ತೆ, ಕಪ್ಪು ಹೊಗೆ ಬರುತ್ತೆ, ಸ್ಟಾರ್ಟ್ ಆಗುತ್ತೆ. ಇಬ್ಬರೂ ಕುಣೀತಾರೆ. ವಿಡಿಯೊ ಮುಗೀತು. ಕೆಳಗೆ ಸಾವಿರಾರು ಕಾಮೆಂಟು: "ಆ ಕಾಲದ ಗಾಡಿ ಅಂದ್ರೆ ಹಂಗೇ ಗುರೂ, ಸಾಯೋದೇ ಇಲ್ಲ."

ನನ್ನ ತಕರಾರು ಇರೋದು ಅಲ್ಲೇ. ಆ ವಿಡಿಯೊ ಎಲ್ಲಿ ಮುಗಿಯುತ್ತೋ ಅಲ್ಲಿಂದ ನಿಜವಾದ ಕೆಲಸ ಶುರು. ಹಳೇ ಮಿಲಿಟರಿ ಟ್ರಕ್ಕನ್ನ ಓಡಿಸೋದು ದೊಡ್ಡ ಕಷ್ಟವಲ್ಲ, ಅದನ್ನ ಓಡೋ ಹಾಗೇ ಕಟ್ಟಿದ್ದಾರೆ. ನಿಲ್ಲಿಸೋದು ಕಷ್ಟ. ಇವತ್ತು ಅದರ ಬಗ್ಗೆ ಮಾತಾಡೋಣ. ಉದಾಹರಣೆಗೆ ಒಂದೇ ಟ್ರಕ್ ತಗೊಳ್ತೀನಿ, ಯಾಕಂದ್ರೆ ಆ ವಿಡಿಯೊಗಳಲ್ಲಿ ಅತಿ ಹೆಚ್ಚು ಕಾಣೋದು ಅದೇ: ಎಂ-35 ಎ2.

ಅಮೆರಿಕದಲ್ಲಿ ಇದಕ್ಕೆ 'ಡ್ಯೂಸ್ ಅಂಡ್ ಎ ಹಾಫ್' ಅಂತಾರೆ. ಡ್ಯೂಸ್ ಅಂದ್ರೆ ಎರಡು. ರಸ್ತೆಯೇ ಇಲ್ಲದ ಜಾಗದಲ್ಲಿ ಎರಡೂವರೆ ಟನ್ ಹೊರುತ್ತೆ ಅನ್ನೋ ಲೆಕ್ಕದ ಹೆಸರು. ಟಾರ್ ರೋಡಲ್ಲಾದ್ರೆ ಅದರ ಎರಡರಷ್ಟು ಹೊರಬಹುದು. 1950ರ ಹೊತ್ತಿಗೆ ರಿಯೊ ಅನ್ನೋ ಕಂಪನಿ ಈ ಕುಟುಂಬದ ಟ್ರಕ್ಕುಗಳನ್ನ ತಯಾರು ಮಾಡೋಕೆ ಶುರು ಮಾಡ್ತು. ಆಮೇಲೆ ಕೈಸರ್, ಅದಾದ ಮೇಲೆ ಎಎಂ ಜನರಲ್. ಹೌದು, ಹಮ್ಮರ್ ಮಾಡಿದ ಅದೇ ಎಎಂ ಜನರಲ್. ಆರೂ ಕಡೆಗೆ ಎಂಜಿನ್ ಶಕ್ತಿ ಹೋಗುತ್ತೆ, ಹಿಂದೆ ಜೋಡಿ ಟೈರು, ಒಟ್ಟು ಹತ್ತು ಟೈರು. ಖಾಲಿ ಗಾಡಿಯೇ ಸುಮಾರು 6 ಟನ್. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕಾನ್ವಾಯ್ ಕಾಯೋಕೆ ಇದರ ಮೇಲೇ ಮೆಷಿನ್ ಗನ್ ಕೂರಿಸಿಕೊಂಡು ಓಡಾಡಿದ್ರು.

ಸೇನೆಗೆ ಹೊಸ ಟ್ರಕ್ಕು ಬಂದ ಮೇಲೆ ಇವೆಲ್ಲ ಹರಾಜಿಗೆ ಬಂದ್ವು. ನಮ್ಮಲ್ಲಿ 'ಮಿಲಿಟರಿ ಡಿಸ್ಪೋಸಲ್' ಅಂತೀವಲ್ಲ, ಅದೇ. ಕೆಲವು ಸಾವಿರ ಡಾಲರಿಗೆ ಇಷ್ಟು ದೊಡ್ಡ ಗಾಡಿ ಸಿಗುತ್ತೆ ಅಂದ್ರೆ ಯಾರಿಗೆ ಬೇಡ? ರೈತರು ತಗೊಂಡ್ರು, ಹಳ್ಳಿಯ ಅಗ್ನಿಶಾಮಕ ದಳಗಳಿಗೆ ಹೋಯ್ತು, ಸುಮ್ಮನೆ ಆಸೆಗೆ ತಗೊಂಡವರೂ ಇದ್ದಾರೆ.

ಆದ್ರೆ ಸೇನೆ ಮಾರಿದ್ದು ಬರೀ ಟ್ರಕ್ಕನ್ನ. ಆ ಟ್ರಕ್ ಹಿಂದೆ ಒಂದು ವ್ಯವಸ್ಥೆ ಇತ್ತು. ಓಡಿಸೋ ಮುಂಚೆ ಏನೇನು ನೋಡಬೇಕು, ಓಡಿಸುವಾಗ ಏನು, ನಿಲ್ಲಿಸಿದ ಮೇಲೆ ಏನು, ವಾರಕ್ಕೊಮ್ಮೆ ಏನು, ತಿಂಗಳಿಗೊಮ್ಮೆ ಏನು ಅಂತ ಪಟ್ಟಿ. ಆ ಪಟ್ಟಿ ಪ್ರಕಾರ ನೋಡೋಕೆ ಒಬ್ಬ ಡ್ರೈವರ್, ಅವನ ಮೇಲೊಬ್ಬ ಮೆಕ್ಯಾನಿಕ್, ಅವನ ಮೇಲೊಂದು ವರ್ಕ್‌ಶಾಪ್, ಸ್ಟೋರಿನಲ್ಲಿ ಸ್ಪೇರ್ ಪಾರ್ಟ್ಸ್. ಹರಾಜಿನಲ್ಲಿ ಗಾಡಿ ಬಂತು, ಅದರ ಹಿಂದಿದ್ದ ಜನ ಬರಲಿಲ್ಲ. ಇನ್ನು ಮೇಲೆ ಅಷ್ಟೂ ಜನ ನೀವೇ.

ಮೊದಲು ಎಂಜಿನ್ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಎಲ್ಲರಿಗೂ ಅದೇ ಇಷ್ಟ.

ಎ2 ಮಾಡೆಲ್ಲಿನ ಎಂಜಿನ್ 7.8 ಲೀಟರಿನದು, ಆರು ಸಿಲಿಂಡರ್. ಹೆಚ್ಚಿನವುಗಳಲ್ಲಿ ಟರ್ಬೊ ಇರುತ್ತೆ. ಕೆಲವು ಟರ್ಬೊಗಳು ಪೊಲೀಸ್ ಸೀಟಿ ಥರ ಕೂಗುತ್ತವೆ, ಆ ಶಿಳ್ಳೆಗೇ ಮಾರುಹೋಗಿ ಗಾಡಿ ತಗೊಂಡವರಿದ್ದಾರೆ. ಇಷ್ಟು ದೊಡ್ಡ ಎಂಜಿನ್ನಿಗೆ ಶಕ್ತಿ ಮಾತ್ರ 130 ಹಾರ್ಸ್‌ಪವರ್ ಆಸುಪಾಸು. ಇವತ್ತಿನ ಒಂದು ಎಸ್‌ಯುವಿಯಲ್ಲಿ ಇದಕ್ಕಿಂತ ಜಾಸ್ತಿ ಇರುತ್ತೆ. ಇದು ಓಟದ ಎಂಜಿನ್ ಅಲ್ಲ, ಎಳೆಯೋ ಎಂಜಿನ್.

ಇದರ ವಿಶೇಷ ಅಂದ್ರೆ ಬಹು ಇಂಧನ. ಡೀಸೆಲ್ ಕುಡಿಯುತ್ತೆ, ಸೀಮೆಎಣ್ಣೆ ಕುಡಿಯುತ್ತೆ, ವಿಮಾನದ ಇಂಧನ ಕುಡಿಯುತ್ತೆ, ತೀರಾ ಗತಿಯಿಲ್ಲ ಅಂದ್ರೆ ಪೆಟ್ರೋಲೂ ನಡೆಯುತ್ತೆ. ಯುದ್ಧಭೂಮಿಯಲ್ಲಿ ಏನು ಸಿಗುತ್ತೋ ಅದರಲ್ಲಿ ಓಡಬೇಕು ಅನ್ನೋದು ಲೆಕ್ಕ. ಇದರ ಗುಟ್ಟು ಪಿಸ್ಟನ್ ತಲೆಯಲ್ಲಿರೋ ದುಂಡನೆಯ ಗುಂಡಿಯಲ್ಲಿದೆ. ಇಂಧನವನ್ನ ಗಾಳಿಯ ಮಧ್ಯಕ್ಕೆ ಸಿಂಪಡಿಸೋ ಬದಲು ಹೆಚ್ಚಿನ ಪಾಲನ್ನ ಆ ಗುಂಡಿಯ ಬಿಸಿ ಗೋಡೆಗೆ ಬಳಿಯೋ ಹಾಗೆ ಬಿಡ್ತಾರೆ. ಅದು ಅಲ್ಲಿಂದ ಆವಿಯಾಗಿ, ಸುತ್ತೋ ಗಾಳಿಯ ಜೊತೆ ಸೇರಿ, ನಿಧಾನಕ್ಕೆ ಉರಿಯುತ್ತೆ. ಈ ಉಪಾಯ ಜರ್ಮನಿಯ ಮಾನ್ ಕಂಪನಿಯದು. ಮಾನ್ ಹೆಸರು ನಮಗೂ ಹೊಸದಲ್ಲ. ನಮ್ಮ ಸೇನೆ ದಶಕಗಳ ಕಾಲ ಓಡಿಸಿದ ಶಕ್ತಿಮಾನ್ ಟ್ರಕ್ ಇದೆಯಲ್ಲ, ಜಬಲ್‌ಪುರದಲ್ಲಿ ತಯಾರಾಗ್ತಿದ್ದದ್ದು, ಅದು ಮಾನ್ ಕಂಪನಿಯ ಲೈಸೆನ್ಸಿನಲ್ಲೇ ಬಂದದ್ದು.

ಸರಿ, ಏನು ಹಾಕಿದ್ರೂ ಓಡುತ್ತೆ ಅಂತ ಗೊತ್ತಾದ ತಕ್ಷಣ ಜನ ಏನು ಮಾಡ್ತಾರೆ? ಹೋಟೆಲಿನ ಕರಿದ ಎಣ್ಣೆ, ಗ್ಯಾರೇಜಿನ ಹಳೇ ಎಂಜಿನ್ ಆಯಿಲ್, ಎಲ್ಲ ಸುರೀತಾರೆ. ಓಡುತ್ತೆ, ಸುಳ್ಳಲ್ಲ. ಆದ್ರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಎಣ್ಣೆಯಲ್ಲಿರೋ ನೀರು, ಸಣ್ಣ ಕಸ ಡೀಸೆಲ್ ಪಂಪಿಗೆ ಹೋಗುತ್ತೆ. ಆ ಪಂಪಿನ ಒಳಗಿನ ಭಾಗಗಳು ಕೂದಲೆಳೆಗಿಂತ ಸಣ್ಣ ಅಂತರದಲ್ಲಿ ಓಡಾಡೋವು. ಅದು ಹೋದ್ರೆ ಎಣ್ಣೆಯಲ್ಲಿ ಉಳಿಸಿದ ದುಡ್ಡೆಲ್ಲ ಒಂದೇ ಏಟಿಗೆ ಹೋಯ್ತು. ನನ್ನ ಅಭಿಪ್ರಾಯ ಕೇಳಿದ್ರೆ ಒಳ್ಳೇ ಡೀಸೆಲ್ ಹಾಕಿ, ಸುಮ್ಮನಿರಿ.

ವರ್ಷಗಟ್ಟಲೆ ನಿಂತ ಎಂಜಿನ್ ಎಬ್ಬಿಸೋ ಮುಂಚೆ ಮೂರು ನಾಲ್ಕು ವಿಷಯ ನೋಡಲೇಬೇಕು. ಟ್ಯಾಂಕಿನ ತಳದ ಬೋಲ್ಟ್ ಬಿಚ್ಚಿ ನೀರು, ಕೆಸರು ಇಳಿಸಿ. ಫಿಲ್ಟರ್ ಎಲ್ಲ ಬದಲಾಯಿಸಿ. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ. ಕಡಿಮೆ ಇದ್ರೆ ಹಾಕಬಹುದು, ಜಾಸ್ತಿ ಇದ್ರೆ ಹೆದರಬೇಕು. ಯಾರೂ ಹಾಕದೆ ಆಯಿಲ್ ಏರಿದೆ ಅಂದ್ರೆ ಪಂಪಿನ ಸೀಲ್ ಸವೆದು ಡೀಸೆಲ್ ಒಳಗೆ ಸೋರ್ತಿದೆ ಅಂತ, ಇಲ್ಲವೇ ನೀರು ಸೇರಿದೆ ಅಂತ. ಮೂಸಿ ನೋಡಿದ್ರೆ ಡೀಸೆಲ್ ವಾಸನೆ ತಿಳಿಯುತ್ತೆ. ನೀರು ಸೇರಿದ್ರೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿರುತ್ತೆ.

ಇನ್ನೊಂದು, ಇದಕ್ಕೆ ಕೀ ಇಲ್ಲ. ನಿಜವಾಗ್ಲೂ ಇಲ್ಲ. ಒಂದು ಲಿವರ್ ತಿರುಗಿಸಿ, ಬಟನ್ ಒತ್ತಿದ್ರೆ ಸ್ಟಾರ್ಟ್. ಯುದ್ಧದ ಮಧ್ಯೆ ಕೀ ಎಲ್ಲಿಟ್ಟೆ ಅಂತ ಹುಡುಕ್ತಾ ಕೂರೋಕಾಗಲ್ಲ ನೋಡಿ. ಹಾಗಾಗಿ ಮಾಲೀಕರು ಸ್ಟೀರಿಂಗಿಗೆ ಸರಪಳಿ ಹಾಕಿ ಬೀಗ ಜಡೀತಾರೆ. ಎಂಜಿನ್ ನಿಲ್ಲಿಸೋದು ಒಂದು ಹಿಡಿ ಎಳೆಯೋದರಿಂದ. ಅದು ಕೇಬಲ್ ಮೂಲಕ ಪಂಪಿಗೆ ಹೋಗಿ ಡೀಸೆಲ್ ನಿಲ್ಲಿಸುತ್ತೆ. ನಿಂತ ಗಾಡಿಯಲ್ಲಿ ಆ ಕೇಬಲ್ಲೂ ಬಿಗಿದಿರುತ್ತೆ, ಪಂಪಿನ ಒಳಗೂ ಹಳೇ ಡೀಸೆಲ್ ಅಂಟಂಟಾಗಿ ಹಿಡಿದಿರುತ್ತೆ. ಎಂಜಿನ್ ಹತ್ತಿಕೊಂಡು, ಡೀಸೆಲ್ ಕಡಿಮೆ ಆಗದೆ ಇದ್ರೆ ಸ್ಪೀಡು ಏರ್ತಾ ಏರ್ತಾ ಹೋಗುತ್ತೆ, ಕೀ ತಿರುಗಿಸಿ ನಿಲ್ಲಿಸೋಣ ಅಂದ್ರೆ ಕೀ ಇಲ್ಲ. ಆಗ ಉಳಿಯೋ ದಾರಿ ಒಂದೇ, ಗಾಳಿ ಬಂದ್ ಮಾಡೋದು. ಅದಕ್ಕೇ ತಿಳಿದವರು ಮೊದಲ ಸಲ ಸ್ಟಾರ್ಟ್ ಮಾಡುವಾಗ ಗಾಳಿ ಪೈಪ್ ಬಿಚ್ಚಿಟ್ಟು, ಅದರ ಬಾಯಿ ಮುಚ್ಚೋ ಅಷ್ಟು ಅಗಲದ ದಪ್ಪ ಹಲಗೆ ಹಿಡಿದು ಒಬ್ಬರನ್ನ ಪಕ್ಕದಲ್ಲಿ ನಿಲ್ಲಿಸ್ತಾರೆ. ಹಲಗೆಯಿಂದ್ಲೇ ಮುಚ್ಚಬೇಕು. ಕೈ ಇಟ್ಟರೆ ಕೈ ಹೋಯ್ತು, ಬಟ್ಟೆ ಇಟ್ಟರೆ ಎಂಜಿನ್ ನುಂಗುತ್ತೆ.

ಸ್ಟಾರ್ಟ್ ಆಗಲಿಲ್ಲ ಅಂತ ಈಥರ್ ಸ್ಪ್ರೇ ಹೊಡೆಯೋ ಅಭ್ಯಾಸ ಕೆಲವರಿಗಿದೆ. ಈ ಟ್ರಕ್ಕಿಗೆ ಅದು ಬೇಡವೇ ಬೇಡ. ಚಳಿಯಲ್ಲಿ ಗಾಳಿ ಬಿಸಿ ಮಾಡೋಕೆ ಅಂತ ಇದರ ಗಾಳಿ ಹೋಗೋ ದಾರಿಯಲ್ಲೇ ಬೆಂಕಿ ಉರಿಸೋ ಹೀಟರ್ ಇದೆ. ಅಲ್ಲಿ ಈಥರ್ ಹೋದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಕರೆಂಟಿನದು ಚಿಕ್ಕ ಮಾತು. ಇದು 24 ವೋಲ್ಟ್. ಎರಡು 12 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿರ್ತಾರೆ. ಹೊಸಬರು ಒಂದೇ ಬ್ಯಾಟರಿಯಿಂದ ರೇಡಿಯೊ, ಫೋನ್ ಚಾರ್ಜರ್ ಅಂತ 12 ವೋಲ್ಟ್ ಎಳೆದುಕೊಳ್ತಾರೆ. ಆಗ ಒಂದು ಬ್ಯಾಟರಿ ಬರಿದಾಗುತ್ತೆ, ಇನ್ನೊಂದು ಉಕ್ಕುತ್ತೆ, ಎರಡೂ ಬೇಗ ಸಾಯುತ್ತವೆ. ಮಿಕ್ಕಿದ್ದೆಲ್ಲ ಅರ್ತಿಂಗ್ ಕಥೆ. ಫ್ರೇಮಿಗೆ ವೈರ್ ಕಚ್ಚೋ ಜಾಗದಲ್ಲಿ ತುಕ್ಕು ಕೆರೆದು ಬಿಗಿ ಮಾಡಿದ್ರೆ ಅರ್ಧ ಸಮಸ್ಯೆ ಹೋಗುತ್ತೆ.

ಈಗ ಬ್ರೇಕ್.

ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಫೋನ್ ಕೆಳಗಿಟ್ಟು ಕೇಳಿ. ಈ ಟ್ರಕ್ಕಿನ ಬ್ರೇಕ್ ಪೂರ್ತಿ ಏರ್ ಬ್ರೇಕ್ ಅಲ್ಲ, ಪೂರ್ತಿ ಆಯಿಲ್ ಬ್ರೇಕೂ ಅಲ್ಲ. ಎರಡರ ಮಿಶ್ರಣ. ನೀವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನ ತಳ್ಳುತ್ತೆ. ಆ ಆಯಿಲ್ ಒಂದು ದೊಡ್ಡ ಡಬ್ಬಿಯಂಥ ಭಾಗಕ್ಕೆ ಹೋಗುತ್ತೆ. ಅದಕ್ಕೆ ಏರ್-ಪ್ಯಾಕ್ ಅಂತಾರೆ. ಎಂಜಿನ್ನಿನ ಕಂಪ್ರೆಸರ್ ತುಂಬಿಸಿಟ್ಟ ಗಾಳಿ ಅಲ್ಲಿ ಸಹಾಯಕ್ಕೆ ಬಂದು, ನಿಮ್ಮ ಕಾಲಿನ ಬಲವನ್ನ ಎಷ್ಟೋ ಪಟ್ಟು ಹೆಚ್ಚಿಸಿ ಆಯಿಲನ್ನ ಚಕ್ರಗಳಿಗೆ ತಳ್ಳುತ್ತೆ. ಆರು ಡ್ರಮ್ಮು, ಆರು ಕಡೆ ವೀಲ್ ಸಿಲಿಂಡರ್. ಅವು ಬ್ರೇಕ್ ಶೂಗಳನ್ನ ಡ್ರಮ್ಮಿಗೆ ಒತ್ತುತ್ತವೆ, ಗಾಡಿ ನಿಲ್ಲುತ್ತೆ. ಕಾಗದದ ಮೇಲೆ ಚೆನ್ನಾಗಿದೆ.

ಸಮಸ್ಯೆ ಏನು ಅಂದ್ರೆ ಇಡೀ ಗಾಡಿಗೆ ಆಯಿಲಿನ ಹಾದಿ ಒಂದೇ. ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಸರ್ಕ್ಯೂಟ್. ನಿಮ್ಮ ಮನೆ ಕಾರಿನಲ್ಲಿ ಎರಡು ಸರ್ಕ್ಯೂಟ್ ಇರುತ್ತೆ. ಒಂದು ಸೋರಿದ್ರೂ ಇನ್ನೊಂದು ಎರಡು ಚಕ್ರವನ್ನಾದ್ರೂ ಹಿಡಿಯುತ್ತೆ. ಅಮೆರಿಕದಲ್ಲಿ ಕಾರುಗಳಿಗೆ ಇದು 1968ರಿಂದ ಕಡ್ಡಾಯ. ಸೇನೆಯ ಈ ಟ್ರಕ್ಕು ಹಳೇ ವಿನ್ಯಾಸದಲ್ಲೇ ಮುಂದುವರಿಯಿತು. ಹಾಗಾಗಿ ಆರು ಚಕ್ರದಲ್ಲಿ ಯಾವುದೋ ಒಂದು ರಬ್ಬರ್ ಪೈಪ್ ಒಡೆದ್ರೆ, ಒಂದು ವೀಲ್ ಸಿಲಿಂಡರಿನ ಸೀಲ್ ಹೋದ್ರೆ, ಪೆಡಲ್ ನೇರ ನೆಲಕ್ಕೆ. ಆರೂ ಚಕ್ರದಲ್ಲಿ ಬ್ರೇಕ್ ಸೊನ್ನೆ. 6 ಟನ್ ಗಾಡಿ, ಇಳಿಜಾರು, ಮುಂದೆ ಶಾಲೆ ಬಸ್ಸು.

ಗಾಳಿ ಹೋದ್ರೆ? ಅದು ಅಷ್ಟು ಅಪಾಯವಲ್ಲ, ವಿಚಿತ್ರ ಅನಿಸಬಹುದು. ಗಾಳಿ ಕಡಿಮೆ ಆದ್ರೆ ಬಜರ್ ಕೂಗುತ್ತೆ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತೆ, ಆದ್ರೂ ಇಡೀ ಮೈಭಾರ ಹಾಕಿದ್ರೆ ಸ್ವಲ್ಪ ಹಿಡಿಯುತ್ತೆ. ಆಯಿಲ್ ಹೋದ್ರೆ ಬಜರೂ ಇಲ್ಲ, ಎಚ್ಚರಿಕೆಯೂ ಇಲ್ಲ. ಹ್ಯಾಂಡ್ ಬ್ರೇಕ್ ಇದೆಯಲ್ಲ ಅಂತೀರಾ? ಇದೆ. ಅದು ಚಕ್ರಕ್ಕಲ್ಲ, ಗೇರ್ ಬಾಕ್ಸಿನ ಹಿಂದಿರೋ ಟ್ರಾನ್ಸ್‌ಫರ್ ಕೇಸಿನ ಮೇಲೆ ಒಂದು ಡ್ರಮ್ಮು. ನಿಂತ ಗಾಡಿ ಜಾರದ ಹಾಗೆ ಹಿಡಿಯೋಕೆ ಅದು. ಓಡೋ ಗಾಡಿ ನಿಲ್ಲಿಸ್ತೀನಿ ಅಂತ ಎಳೆದ್ರೆ ಸ್ವಲ್ಪ ಹೊತ್ತಲ್ಲೇ ಕಾದು ಹೊಗೆಯಾಡುತ್ತೆ.

ಹಾಗಾದ್ರೆ ಸೇನೆಯವರು ಹೇಗೆ ಓಡಿಸ್ತಿದ್ರು? ಪಟ್ಟಿ ಇತ್ತು ಅಂದೆನಲ್ಲ. ಪೈಪ್ ಒಡೆಯೋಕೆ ಬಿಡ್ತಿರಲಿಲ್ಲ, ಒಡೆಯೋ ಮುಂಚೆ ನೋಡ್ತಿದ್ರು. ಗಾಡಿ ದಿನಾ ಓಡ್ತಿತ್ತು, ದಿನಾ ಯಾರಾದ್ರೂ ಕೆಳಗೆ ಬಗ್ಗಿ ನೋಡ್ತಿದ್ರು. ಹುಲ್ಲಿನಲ್ಲಿ ಹತ್ತು ವರ್ಷ ನಿಂತ ಗಾಡಿಯ ಕಥೆ ಬೇರೆ. ಮಾಮೂಲಿ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಆ ನೀರಿಂದ ವೀಲ್ ಸಿಲಿಂಡರ್ ಒಳಗೆ ತುಕ್ಕು. ಪಿಸ್ಟನ್ ಅಲ್ಲೇ ಜಾಮ್. ಜಾಮ್ ಆದ ಪಿಸ್ಟನ್ ಮೇಲೆ ನೀವು ಪೆಡಲ್ ಜೋರಾಗಿ ಒತ್ತಿದಾಗ ಅದು ತುಕ್ಕಿನ ಮೇಲೆ ಜಾರಿ ರಬ್ಬರ್ ಸೀಲನ್ನ ಹರಿಯುತ್ತೆ. ಅಂದ್ರೆ ಅಂಗಳದಲ್ಲಿ ಮೆಲ್ಲಗೆ ಒತ್ತಿ ನೋಡಿದಾಗ ಬ್ರೇಕ್ ಚೆನ್ನಾಗೇ ಇರುತ್ತೆ. ಜೀವ ಉಳಿಸಿಕೊಳ್ಳೋಕೆ ಅಂತ ಜೋರಾಗಿ ಒತ್ತಿದ ದಿನವೇ ಅದು ಹೋಗೋದು.

ಇದರಲ್ಲೇ ಇನ್ನೊಂದು ತೊಡಕು. 1980ರ ದಶಕದಲ್ಲಿ ಅಮೆರಿಕದ ಸೇನೆ ತನ್ನ ಗಾಡಿಗಳಿಗೆ ಸಿಲಿಕೋನ್ ಬ್ರೇಕ್ ಆಯಿಲ್ ಹಾಕೋಕೆ ಶುರು ಮಾಡ್ತು. ಅದಕ್ಕೆ ಡಾಟ್ 5 ಅಂತ ಹೆಸರು. ಅದು ತೇವ ಹೀರಲ್ಲ, ವರ್ಷಗಟ್ಟಲೆ ನಿಲ್ಲೋ ಗಾಡಿಗೆ ಒಳ್ಳೇದು. ಮಾಮೂಲಿ ಆಯಿಲ್ ಡಾಟ್ 3, ಡಾಟ್ 4. ಇವೆರಡೂ ಒಂದಕ್ಕೊಂದು ಬೆರೆಯಲ್ಲ. ಗಾಡಿ ತಗೊಂಡವರು ಲೆವೆಲ್ ಕಡಿಮೆ ಇದೆ ಅಂತ ಅಂಗಡಿಯಿಂದ ಮಾಮೂಲಿ ಆಯಿಲ್ ತಂದು ಸುರೀತಾರೆ. ಆಗ ಒಳಗೆ ಎರಡು ಬಗೆಯ ಆಯಿಲ್, ಮಧ್ಯೆ ಮಧ್ಯೆ ಕೆಸರು. ಹಿಂದಿನ ಮಾಲೀಕ ಯಾವುದು ಹಾಕಿದ್ದ ಅಂತ ಗೊತ್ತಿಲ್ಲ ಅಂದ್ರೆ ಊಹೆ ಮಾಡೋಕೆ ಹೋಗಬೇಡಿ. ಎಲ್ಲ ಖಾಲಿ ಮಾಡಿ, ರಬ್ಬರ್ ಅನ್ನೋದೆಲ್ಲ ಹೊಸದು ಹಾಕಿ, ಒಂದೇ ಬಗೆ ತುಂಬಿ. ಸಿಲಿಕೋನ್ ಹಾಕೋದಾದ್ರೆ ಡಬ್ಬಿ ಕುಲುಕಬಾರದು, ನಿಧಾನಕ್ಕೆ ಸುರಿಯಬೇಕು. ಅದರಲ್ಲಿ ಸಣ್ಣ ಗುಳ್ಳೆ ಸೇರಿಕೊಂಡ್ರೆ ಬೇಗ ಬಿಡಲ್ಲ, ಪೆಡಲ್ ಸ್ಪಂಜಿನಂತೆ ಮೆತ್ತಗಾಗುತ್ತೆ.

ಈಗ ಕೆಲಸ. ಮಟ್ಟಸವಾದ ಗಟ್ಟಿ ನೆಲ ಬೇಕು. ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಮರದ ದಿಮ್ಮಿ ಕೊಡಬೇಕು. ಜಾಕಿ ಎತ್ತೋಕೆ ಮಾತ್ರ, ಹೊರೋಕಲ್ಲ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟೇ ಕೆಳಗೆ ಕೈ ಹಾಕಬೇಕು. ಒಂದು ಚಕ್ರ ಬಿಚ್ಚಿ, ಡ್ರಮ್ ತೆಗೆದು ನೋಡಿದ ಮೇಲೆ "ಇದು ಚೆನ್ನಾಗಿದೆ, ಮಿಕ್ಕಿದ್ದೂ ಚೆನ್ನಾಗೇ ಇರುತ್ತೆ" ಅನ್ನೋ ಮಾತು ಬರುತ್ತೆ. ಅದನ್ನ ನಂಬಬೇಡಿ, ಆರೂ ಬಿಚ್ಚಿ. ಒಳಗೆ ಕೂತ ಕಪ್ಪು ಪುಡಿಯನ್ನ ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಹಳೇ ಬ್ರೇಕ್ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಗೆ ಬರಲ್ಲ. ಒದ್ದೆ ಮಾಡಿ ಒರೆಸಿ. ನಮ್ಮ ಗ್ಯಾರೇಜುಗಳಲ್ಲಿ ಹುಡುಗರು ಮಾಸ್ಕೂ ಇಲ್ಲದೆ ಬುಸ್ ಅಂತ ಊದ್ತಾ ನಿಂತಿರೋದು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಇದು ಟ್ರಕ್ಕಿಗೆ ಮಾತ್ರ ಅನ್ವಯಿಸೋ ಮಾತಲ್ಲ.

ಡ್ರಮ್ ಒಳಗೆ ಎಣ್ಣೆ ಜಿಡ್ಡು ಕಂಡ್ರೆ ಮೂಲ ಯಾವುದು ಅಂತ ನೋಡಬೇಕು. ದಪ್ಪಗೆ, ವಾಸನೆ ಬಲವಾಗಿದ್ರೆ ಆಕ್ಸಲ್ ಕಡೆಯಿಂದ ಗೇರ್ ಆಯಿಲ್ ಸೋರ್ತಿದೆ. ತೆಳ್ಳಗಿದ್ರೆ ವೀಲ್ ಸಿಲಿಂಡರ್. ಆಕ್ಸಲ್ ಮೇಲೆ ಒಂದು ಪುಟ್ಟ ಉಸಿರು ಬಿಡೋ ಕಿಂಡಿ ಇರುತ್ತೆ, ಮಣ್ಣು ತುಂಬಿ ಅದು ಮುಚ್ಚಿದ್ರೆ ಬಿಸಿಯಾದ ಗಾಳಿ ಹೊರಗೆ ಹೋಗೋಕೆ ದಾರಿಯಿಲ್ಲದೆ ಸೀಲನ್ನೇ ತಳ್ಳಿಕೊಂಡು ಎಣ್ಣೆಯನ್ನ ಹೊರಗೆ ತರುತ್ತೆ. ಜನ ಸೀಲ್ ಮೇಲೆ ಸೀಲ್ ಬದಲಾಯಿಸ್ತಾರೆ, ಆ ಕಿಂಡಿಗೆ ಒಂದು ತಂತಿ ಹಾಕಿ ನೋಡಲ್ಲ.

ಎಲ್ಲ ಜೋಡಿಸಿ, ಮ್ಯಾನ್ಯುಯಲ್ಲಿನ ಕ್ರಮದಲ್ಲೇ ಏರ್ ತೆಗೆದ ಮೇಲೆ ಪರೀಕ್ಷೆ ಅಂಗಳದಲ್ಲೇ. ಗಾಡಿ ನಿಂತಿರಲಿ, ಗಾಳಿ ತುಂಬಿರಲಿ. ಪೆಡಲನ್ನ ಜೋರಾಗಿ, ನಿಜವಾಗ್ಲೂ ಜೋರಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಪೆಡಲ್ ಒಂದು ಚೂರು ಕೆಳಗಿಳಿದ್ರೂ ಎಲ್ಲೋ ಸೋರ್ತಿದೆ. ಒಡೆಯೋದಿದ್ರೆ ಅಲ್ಲೇ ಒಡೆಯಲಿ. ಆಮೇಲೆ ಏರ್ ಟ್ಯಾಂಕಿನ ನೀರು ಇಳಿಸೋದು. ಗಾಳಿ ಒತ್ತಿದಾಗ ಅದರ ತೇವ ನೀರಾಗಿ ತಳದಲ್ಲಿ ನಿಲ್ಲುತ್ತೆ. ದಿನದ ಕೊನೆಗೆ ಟ್ಯಾಂಕಿನ ನಲ್ಲಿ ತಿರುಗಿಸಿ ಬಿಟ್ಟುಬಿಡಬೇಕು. ಅರ್ಧ ನಿಮಿಷದ ಕೆಲಸ, ಇದನ್ನ ಮರೆತೇ ಏರ್-ಪ್ಯಾಕ್ ಒಳಗೆ ತುಕ್ಕು ಹಿಡಿಯೋದು.

ತಿಳಿದ ಮಾಲೀಕರಲ್ಲಿ ಹಲವರು ಈಗ ಮಾಸ್ಟರ್ ಸಿಲಿಂಡರನ್ನೇ ಬದಲಾಯಿಸಿ, ಮುಂದೆ ಒಂದು ಹಿಂದೆ ಒಂದು ಅಂತ ಎರಡು ಸರ್ಕ್ಯೂಟ್ ಮಾಡಿಕೊಳ್ತಾರೆ. ಗಾಡಿಯ ಮೂಲ ರೂಪ ಕೆಡುತ್ತೆ ಅಂತ ಮೂಗು ಮುರಿಯೋರಿದ್ದಾರೆ. ಮ್ಯೂಸಿಯಂನಲ್ಲಿ ನಿಲ್ಲಿಸೋ ಗಾಡಿಗೆ ಆ ಮಾತು ಸರಿ. ಜನ ಓಡಾಡೋ ರಸ್ತೆಗೆ ತರೋ ಗಾಡಿಗೆ ಮೂಲ ರೂಪದ ವಾದ ನನಗೆ ಒಪ್ಪಿಗೆಯಿಲ್ಲ. ಪಕ್ಕದ ಸ್ಕೂಟರಿನವರು ನಿಮ್ಮ ಟ್ರಕ್ಕಿನ ಮೂಲ ರೂಪಕ್ಕೆ ಒಪ್ಪಿಗೆ ಕೊಟ್ಟಿಲ್ಲ.

ಮಲೆನಾಡು, ಕೊಡಗಿನ ಕಡೆಯ ಕೇಳುಗರು ಇಲ್ಲಿ ಕಿವಿ ನೆಟ್ಟಗೆ ಮಾಡಿ. ಹಳೇ ವಿಲ್ಲಿಸ್ ಜೀಪಿದ್ದರೆ ಅದರದ್ದೂ ಇದೇ ಕಥೆ, ಒಂದೇ ಸರ್ಕ್ಯೂಟ್. ಅಜ್ಜನ ಕಾಲದ ಜೀಪು, ತೋಟದಲ್ಲಿ ಓಡುತ್ತೆ, ಘಾಟಿಯಲ್ಲೂ ಇಳಿಸೋಣ ಅನ್ನೋ ಮುಂಚೆ ನಾಲ್ಕೂ ಚಕ್ರ ಬಿಚ್ಚಿ ನೋಡಿ. ಘಾಟಿ ಇಳಿಯುವಾಗ ಹತ್ತಿದ ಗೇರಲ್ಲೇ ಇಳೀಬೇಕು ಅಂತ ಹಳೇ ಡ್ರೈವರುಗಳು ಹೇಳ್ತಾರಲ್ಲ, ಅದು ಸುಮ್ಮನೆ ಬಂದ ಮಾತಲ್ಲ. ಬ್ರೇಕ್ ಕಾಯದ ಹಾಗೆ ಎಂಜಿನ್ನೇ ಗಾಡಿ ಹಿಡಿಯಲಿ ಅಂತ.

ಬ್ರೇಕಿನ ನಂತರ ಜೀವ ತೆಗೆಯೋ ಇನ್ನೊಂದು ಜಾಗ ಚಕ್ರ. ಇದರ ಟೈರು 9.00-20 ಸೈಜು. ನಮ್ಮ ಹಳೇ ಲಾರಿಗಳಲ್ಲೂ ಇದ್ದದ್ದು ಇದೇ ಸೈಜು, ಟ್ಯೂಬು, ಫ್ಲ್ಯಾಪು, ಲಾಕ್ ರಿಂಗು ಎಲ್ಲ ಹಾಗೇ. ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಸುತ್ತಿಗೆಯಿಂದ ಬಡಿದು ಬಡಿದು ಒಂದು ಕಬ್ಬಿಣದ ಬಳೆ ಕೂರಿಸ್ತಾರಲ್ಲ, ಅದು ಲಾಕ್ ರಿಂಗ್. ಟೈರನ್ನ ರಿಮ್ಮಿನ ಮೇಲೆ ಹಿಡಿದಿಡೋದು ಅದೊಂದೇ. ಅದು ತುಕ್ಕು ಹಿಡಿದು, ಸೊಟ್ಟಗಾಗಿ, ಅರ್ಧಂಬರ್ಧ ಕೂತಿದ್ದಾಗ ಒಳಗೆ ಪೂರ್ತಿ ಗಾಳಿ ತುಂಬಿದ್ರೆ ಬಳೆ ಚಿಮ್ಮುತ್ತೆ. ತಲೆ ಇದ್ದ ಜಾಗದಲ್ಲಿ ತಲೆ ಉಳಿಯಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 1980ರಲ್ಲೇ ಇಂಥ ರಿಮ್ಮಿಗೆ ಅಂತ ಬೇರೆ ನಿಯಮ ಮಾಡ್ತು. ಬಿಚ್ಚೋ ಮುಂಚೆ ವಾಲ್ವ್ ತೆಗೆದು ಗಾಳಿ ಪೂರ್ತಿ ಖಾಲಿ ಮಾಡಬೇಕು, ಗಾಳಿ ತುಂಬುವಾಗ ಚಕ್ರವನ್ನ ಕಬ್ಬಿಣದ ಪಂಜರದೊಳಗೆ ಇಡಬೇಕು, ರಿಂಗ್ ಚಿಮ್ಮೋ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು, ಉದ್ದ ಪೈಪ್ ಹಿಡಿದು ದೂರದಿಂದ ತುಂಬಬೇಕು.

ಟೈರಿನ ವಯಸ್ಸೂ ನೋಡಿ. 2000ದಿಂದೀಚೆಗೆ ಟೈರಿನ ಪಕ್ಕದಲ್ಲಿ ತಯಾರಿಕೆಯ ವಾರ, ವರ್ಷ ಸೇರಿಸಿ ನಾಲ್ಕು ಅಂಕಿ ಇರುತ್ತೆ. ಮೂರೇ ಅಂಕಿ ಇದ್ರೆ ಅದು ಅದಕ್ಕೂ ಹಿಂದಿನ ಶತಮಾನದ್ದು ಅಂತ ಅರ್ಥ. ಮಿಲಿಟರಿ ಗಾಡಿ ಹೆಚ್ಚು ಓಡಿರಲ್ಲ, ಹಾಗಾಗಿ ಗುಂಡಿ ಗುಂಡಿ ಹಲ್ಲು ಹೊಸದರಂತೆ ಇರುತ್ತೆ. ಆ ಹಲ್ಲು ನೋಡಿ ಮರುಳಾಗಬೇಡಿ. ರಬ್ಬರಿನ ಪಕ್ಕದಲ್ಲಿ ಬಿರುಕು ನೋಡಿ.

ಇಷ್ಟೆಲ್ಲ ಹೆದರಿಸಿದ ಮೇಲೆ ಇದರ ಸುಖವನ್ನೂ ಹೇಳದಿದ್ರೆ ಅನ್ಯಾಯ. ಇಂಥ ಗಾಡಿಯನ್ನ ಕಲಿಯೋದು ಸುಲಭ, ಯಾಕಂದ್ರೆ ಇದನ್ನ ಕಟ್ಟಿದ್ದೇ ಹದಿನೆಂಟು ಹತ್ತೊಂಬತ್ತರ ಹುಡುಗರು ರಿಪೇರಿ ಮಾಡಲಿ ಅಂತ. ಬಾನೆಟ್ ಎತ್ತಿದ್ರೆ ಎಲ್ಲ ಕಣ್ಣಿಗೆ ಕಾಣುತ್ತೆ, ಎಲ್ಲದಕ್ಕೂ ಕೈ ಹೋಗುತ್ತೆ. ಪ್ರತಿ ವೈರಿಗೂ ಒಂದು ಪುಟ್ಟ ಪಟ್ಟಿ ಕಟ್ಟಿ ನಂಬರ್ ಹಾಕಿದ್ದಾರೆ. ಯಾವ ವೈರ್ ಎಲ್ಲಿಗೆ ಅಂತ ಬಣ್ಣ ನೋಡಿ ತಲೆ ಕೆಡಿಸಿಕೊಳ್ಳಬೇಕಿಲ್ಲ, ನಂಬರ್ ನೋಡಿ ಪುಸ್ತಕ ತೆರೆದ್ರೆ ಆಯ್ತು. ಆ ಪುಸ್ತಕ ಅಮೆರಿಕದ ಸರ್ಕಾರದ್ದು, ಕಾಪಿರೈಟ್ ಇಲ್ಲ, ಯಾರು ಬೇಕಾದ್ರೂ ಫೋನಿಗೆ ಇಳಿಸಿಕೊಂಡು ಓದಬಹುದು. ಡ್ರೈವರಿಗೆ ಒಂದು ಪುಸ್ತಕ, ಮೆಕ್ಯಾನಿಕ್ಕಿಗೆ ಒಂದು, ಎಲ್ಲೆಲ್ಲಿ ಗ್ರೀಸ್ ಹೊಡೀಬೇಕು ಅನ್ನೋದಕ್ಕೇ ಬೇರೆ ಚಾರ್ಟು.

ಇದರ ಜೊತೆಗೆ ಒಂದು ತಮಾಷೆಯ ಪತ್ರಿಕೆ ಇತ್ತು, ಹೆಸರು 'ಪಿಎಸ್'. 1951ರಲ್ಲಿ ಶುರುವಾದದ್ದು. ಗಾಡಿ, ಬಂದೂಕು, ಯಂತ್ರಗಳನ್ನ ಹೇಗೆ ನೋಡಿಕೊಳ್ಳಬೇಕು ಅಂತ ಸೈನಿಕರಿಗೆ ಹೇಳಿಕೊಡೋ ಮಾಸಪತ್ರಿಕೆ, ಅದೂ ಕಾಮಿಕ್ಸ್ ರೂಪದಲ್ಲಿ. ಚಿತ್ರ ಬರೆಸಿದ್ದು ಯಾರು ಗೊತ್ತಾ? ವಿಲ್ ಐಸ್ನರ್. 'ದಿ ಸ್ಪಿರಿಟ್' ಬರೆದವರು, ಗ್ರಾಫಿಕ್ ಕಾದಂಬರಿ ಅನ್ನೋ ಪ್ರಕಾರವನ್ನ ಜನಪ್ರಿಯ ಮಾಡಿದವರು. ಅವರ ಹೆಸರಲ್ಲೇ ಈಗ ಕಾಮಿಕ್ಸ್ ಲೋಕದ ದೊಡ್ಡ ಪ್ರಶಸ್ತಿ ಇದೆ. ಅಂಥವರು ಎರಡು ದಶಕ ಕೂತು ಗ್ರೀಸ್ ಹೊಡೆಯೋದು ಹೇಗೆ, ಫಿಲ್ಟರ್ ತೊಳೆಯೋದು ಹೇಗೆ ಅಂತ ಚಿತ್ರ ಬರೆದರು. ಮ್ಯಾನ್ಯುಯಲ್ ಯಾರೂ ಓದಲ್ಲ ಅನ್ನೋದು ಸೇನೆಗೂ ಗೊತ್ತಿತ್ತು ಅಂತ ಆಯ್ತು. ಹಳೇ ಸಂಚಿಕೆಗಳು ಇಂಟರ್ನೆಟ್ಟಲ್ಲಿ ಸಿಗುತ್ತವೆ. ಟ್ರಕ್ ಬೇಡದವರೂ ಒಮ್ಮೆ ತೆರೆದು ನೋಡಿ.

ಕೊನೆಗೆ ಖರ್ಚಿನ ಲೆಕ್ಕ. ಅಮೆರಿಕದಲ್ಲಿರೋ ನಮ್ಮ ಕನ್ನಡದ ಕೇಳುಗರಲ್ಲಿ ಯಾರಾದ್ರೂ ಹರಾಜಿನ ಪಟ್ಟಿ ನೋಡ್ತಾ ಕೂತಿದ್ರೆ ಇದು ಅವರಿಗೆ. ಗಾಡಿಯ ಬೆಲೆ ಪಕ್ಕಕ್ಕಿಡಿ. ಹತ್ತು ಟೈರು, ಆರು ವೀಲ್ ಸಿಲಿಂಡರ್, ಎಲ್ಲ ರಬ್ಬರ್ ಪೈಪು, ಮಾಸ್ಟರ್ ಸಿಲಿಂಡರ್, ಏರ್-ಪ್ಯಾಕ್, ಎರಡು ಬ್ಯಾಟರಿ, ಇಪ್ಪತ್ತು ಲೀಟರಿನಷ್ಟು ಎಂಜಿನ್ ಆಯಿಲ್, ಎಲ್ಲ ಫಿಲ್ಟರು. ಇವುಗಳ ಬೆಲೆ ಒಂದು ಹಾಳೆಯಲ್ಲಿ ಬರೆದು ಕೂಡಿ. ಬಂದ ಮೊತ್ತ ಕೈಯಲ್ಲಿದ್ರೆ ಮಾತ್ರ ಹರಾಜಿನಲ್ಲಿ ಕೈ ಎತ್ತಿ. ಕಾಗದಪತ್ರ ಮೊದಲೇ ನೋಡಿ. ಸರ್ಕಾರದಿಂದ ಬರೋ ಎಸ್‌ಎಫ್-97 ಅನ್ನೋ ಪ್ರಮಾಣಪತ್ರ ಇಲ್ಲದೆ ರಸ್ತೆಗೆ ನೋಂದಣಿ ಮಾಡಿಸೋದು ಬಹಳ ಕಷ್ಟ, ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಡೋಕೆ ಜಾಗ ಬೇಕು. ಪವರ್ ಸ್ಟೀರಿಂಗ್ ಇಲ್ಲ, ತೋಳಿಗೆ ಬಲ ಬೇಕು. ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ಆಸುಪಾಸು, ಅಷ್ಟೇ. ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೀಲಿ.

ಬಣ್ಣ, ಸೀಟು, ಮೇಲ್ಹೊದಿಕೆ, ನಕ್ಷತ್ರದ ಗುರುತು, ಇವೆಲ್ಲ ಕಟ್ಟಕಡೆಗೆ. ಮಾರೋಕೆ ಇಟ್ಟ ಗಾಡಿಯಲ್ಲಿ ಹೊಸ ಬಣ್ಣ ಮಿರುಗ್ತಿದ್ರೆ ಮೊದಲು ಕೆಳಗೆ ಮಲಗಿ, ಆರೂ ಚಕ್ರದ ಒಳಭಾಗಕ್ಕೆ ಟಾರ್ಚ್ ಬಿಡಿ. ಅಲ್ಲಿ ಒದ್ದೆ ಕಂಡ್ರೆ, ಮಾರೋರು ಎಂಜಿನ್ ಎಷ್ಟೇ ಚೆನ್ನಾಗಿ ಸ್ಟಾರ್ಟ್ ಮಾಡಿ ತೋರಿಸಿದ್ರೂ, ಅದನ್ನ ಓಡಿಸಿಕೊಂಡು ಮನೆಗೆ ತರಬೇಡಿ. ಬೇರೆ ಗಾಡಿ ಮೇಲೆ ಹೇರಿಸಿಕೊಂಡು ತನ್ನಿ.

ಇವತ್ತಿಗೆ ಇಷ್ಟು. ನಿಮ್ಮೂರಲ್ಲಿ ಹಳೇ ಡಿಸ್ಪೋಸಲ್ ಜೀಪೋ ಟ್ರಕ್ಕೋ ಇನ್ನೂ ಓಡ್ತಿದ್ರೆ, ಅದನ್ನ ನೋಡಿಕೊಳ್ಳೋ ಮೆಕ್ಯಾನಿಕ್ ಇದ್ರೆ, ಅವರು ಹೇಳಿದ ಒಂದು ಒಳ್ಳೇ ಉಪಾಯ ರೆಕಾರ್ಡ್ ಮಾಡಿ ನಮಗೆ ಕಳಿಸಿ, ಮುಂದಿನ ಸಲ ಕೇಳಿಸ್ತೀವಿ.